ಎದೆ-ಬೆನ್ನಿನ ನೋವೆಲ್ಲ ವಾಯುವಲ್ಲ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಹೊರುವವರಿಗೆ ಎದೆ, ಬೆನ್ನು ಹಿಡಿಯುವುದು ಸಾಮಾನ್ಯ. ಒತ್ತಿದರೆ, ಹೊರಳಿದರೆ ಹೆಚ್ಚುವ ನೋವು ಬಹುಮಟ್ಟಿಗೆ ಸ್ನಾಯುವಿನದು. ಉಂಡು ಮಲಗಿದೊಡನೆ ಉರಿದರೆ ಆಮ್ಲಪಿತ್ತ. ಒಂದೇ ಪಾರ್ಶ್ವದಲ್ಲಿ ಪಟ್ಟಿಯಂತೆ ಉರಿಯುವ ಸರ್ಪಸುತ್ತಂತೂ ಗುಳ್ಳೆ ಏಳುವವರೆಗೆ ವೈದ್ಯರಿಗೂ ಸುಳಿವು ಕೊಡದು.

ನಡೆದಾಗ ಬಿಗಿದು ನಿಂತಾಗ ಇಳಿಯುವ, ಇಲ್ಲವೆ ಬೆವರಿನೊಡನೆ ತೋಳು, ದವಡೆ, ಬೆನ್ನಿಗೆ ಹರಿಯುವ ನೋವಿನ ಮಾತು ಬೇರೆ. ಅದನ್ನು ‘ಗ್ಯಾಸು’ ಎಂದು ಸೋಡಾ ಕುಡಿದು ಕಾಯಬಾರದು. ಚರಕಸಂಹಿತೆಯು ಹೃದಯವನ್ನು ಮೂರು ಪ್ರಧಾನ ಮರ್ಮಗಳಲ್ಲಿ ಒಂದೆಂದು ಎಣಿಸಿದೆ. ಇಂಥವರಿಗೆ ನಾನು ಕಷಾಯ ಕೊಡುವುದಿಲ್ಲ, ಇಸಿಜಿಗೆ ಕಳುಹಿಸುತ್ತೇನೆ. ಮಧುಮೇಹಿಗಳಲ್ಲಿ ಹೃದಯಾಘಾತವು ನೋವಿಲ್ಲದೆ, ಬರಿಯ ಆಯಾಸವಾಗಿಯೂ ತೋರೀತು.

ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಮೊದಲ ಗಂಟೆಗಳಲ್ಲಿಯೇ ಹೆಚ್ಚು ಫಲಕಾರಿ. ಆದ್ದರಿಂದ ಹುಬ್ಬಳ್ಳಿಗೆ ಬಾಡಿಗೆ ಕಾರು ಹುಡುಕುತ್ತ ಕೂರದೆ 108ಕ್ಕೆ ಕರೆಮಾಡಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಹತ್ತಿರದ ಸರಕಾರಿ ಆಸ್ಪತ್ರೆಗೆ ಧಾವಿಸಿರಿ. ಮೊದಲ ಇಸಿಜಿ ಸರಿಯಿದ್ದೂ ನೋವು ಉಳಿದರೆ ಮತ್ತೊಮ್ಮೆ ಮಾಡಿಸಬೇಕು.