ಹೊಸ ಕುರ್ಚಿ ಹಾಕದೆಯೂ ಬೆಳೆದ ಡೆಂಟಲ್ ಕ್ಲಿನಿಕ್

ದಾವಣಗೆರೆ, ಮಣಿಪಾಲ, ಮಂಗಳೂರು, ಧಾರವಾಡದ ಕಾಲೇಜುಗಳಲ್ಲಿ ಬಿಡಿಎಸ್ ಓದಿ ಇಂಗ್ಲೆಂಡಿಗೆ ಬರುವ ನಮ್ಮವರಿಗೆ ಮೊದಲು ಎದುರಾಗುವುದು ಜನರಲ್ ಡೆಂಟಲ್ ಕೌನ್ಸಿಲ್‌ನ ಓಆರ್‌ಇ ಪರೀಕ್ಷೆ. ಅದರ ಎರಡೂ ಭಾಗ ಪಾಸಾಗಿ, ಬೇರೆಯವರ ಕ್ಲಿನಿಕ್‌ನಲ್ಲಿ ಕೆಲವು ವರ್ಷ ದುಡಿದು, ಬ್ಯಾಂಕ್ ಸಾಲ ಮಾಡಿ ಸ್ವಂತ ಕ್ಲಿನಿಕ್ ಕೊಂಡಾಗ ಊರಿನವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಕುರ್ಚಿ ಇದೆ?’ ನಾವಿಬ್ಬರು, ಗಂಡ ಹೆಂಡತಿ, ಮಿಡ್‌ಲ್ಯಾಂಡ್ಸ್‌ನ ಸಣ್ಣ ಪಟ್ಟಣದಲ್ಲಿ ನಡೆಸುತ್ತಿರುವ ಕ್ಲಿನಿಕ್‌ನಲ್ಲಿ ಕುರ್ಚಿ ಕೊಂಡ ದಿನ ಎರಡೇ ಇತ್ತು, ಇವತ್ತೂ ಎರಡೇ. ಆದರೂ ಕ್ಲಿನಿಕ್ ಬೆಳೆದಿದೆ. ಅದು ಹೇಗೆಂದು ಹೇಳುವ ಮೊದಲು ಇಲ್ಲಿ ಹಣ ಹೇಗೆ ಬರುತ್ತದೆ ಎಂಬುದನ್ನು ವಿವರಿಸಬೇಕು.

ಮಾರ್ಚ್ 31ರ ಲೆಕ್ಕ

ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ದಂತ ಚಿಕಿತ್ಸೆಗೆ 2006ರ ಏಪ್ರಿಲ್‌ನಿಂದ ಯುಡಿಎ ಎಂಬ ಯೂನಿಟ್ ಲೆಕ್ಕವಿದೆ. ಹಲ್ಲಿನ ತಪಾಸಣೆಗೆ 1 ಯೂನಿಟ್, ಕ್ರೌನ್ ಅಥವಾ ಹಲ್ಲುಸೆಟ್ಟಿನಂಥ ಕೆಲಸಕ್ಕೆ 12. ವರ್ಷಕ್ಕೆ ಇಷ್ಟು ಯೂನಿಟ್ ಎಂದು ಕ್ಲಿನಿಕ್ ಒಪ್ಪಂದ ಮಾಡಿಕೊಳ್ಳುತ್ತದೆ. ಹಣ ತಿಂಗಳು ತಿಂಗಳು ಕಂತಾಗಿ ಬರುತ್ತದೆ. ಮಾರ್ಚ್ 31ಕ್ಕೆ ಶೇ 96ರಷ್ಟೂ ಮುಗಿಯದಿದ್ದರೆ, ಮಾಡದ ಕೆಲಸದ ಹಣವನ್ನು ಹಿಂತಿರುಗಿಸಬೇಕು. ಅಷ್ಟರಲ್ಲಿ ಆ ಹಣ ಸಂಬಳ, ಲ್ಯಾಬ್ ಬಿಲ್, ಸಾಲದ ಕಂತು ಎಂದು ಕರಗಿ ಹೋಗಿರುತ್ತದೆ. ಇಲ್ಲಿ ಕ್ಲಿನಿಕ್ ಮಾಲೀಕರ ನಿದ್ದೆ ಕೆಡಿಸುವುದು ಇದೇ ಲೆಕ್ಕ.

ಇನ್ನೊಂದು ತೊಡಕೂ ಇದೆ. ಎನ್‌ಎಚ್‌ಎಸ್ ರೋಗಿ ಹೇಳದೆ ಕೇಳದೆ ಅಪಾಯಿಂಟ್‌ಮೆಂಟ್ ತಪ್ಪಿಸಿದರೆ ದಂಡ ಹಾಕುವಂತಿಲ್ಲ. ದಿನಕ್ಕೆ ಅರ್ಧ ಗಂಟೆಯ ಎರಡು ಅಪಾಯಿಂಟ್‌ಮೆಂಟ್ ಹೀಗೆ ಹೋದವು ಎಂದಿಟ್ಟುಕೊಳ್ಳಿ. ವಾರಕ್ಕೆ 5 ದಿನ, ವರ್ಷಕ್ಕೆ 46 ವಾರ ಎಂದರೆ 230 ಗಂಟೆ ಕುರ್ಚಿ ಖಾಲಿ. ಅದೇ ಊರಿನಲ್ಲಿ ಹಲ್ಲುನೋವಿನವರು ಡೆಂಟಿಸ್ಟ್ ಸಿಗದೆ ಅಲೆಯುತ್ತಿರುತ್ತಾರೆ.

ಹಲ್ಲಿನ ಡಾಕ್ಟರಿಗೇ ಎಂದು ಮಾಡಿದ ಸಾಫ್ಟ್‌ವೇರ್

ನಾವು ಕೊಂಡಾಗ ಕ್ಲಿನಿಕ್‌ನಲ್ಲಿ ಇದ್ದದ್ದು ಕಾಗದದ ಕಾರ್ಡುಗಳು, ಒಂದು ಡೈರಿ, ಅಂಗಡಿಗಳಲ್ಲಿ ಬಳಸುವಂಥ ಬಿಲ್ಲಿಂಗ್ ಪ್ರೋಗ್ರಾಂ. ಅದಕ್ಕೆ ಹಣ ಎಣಿಸಲು ಬರುತ್ತಿತ್ತು, ಹಲ್ಲು ಎಣಿಸಲು ಬರುತ್ತಿರಲಿಲ್ಲ. ಇಲ್ಲಿ ಡೆಂಟಲಿ, ಎಕ್ಸಾಕ್ಟ್ ಮುಂತಾದ, ದಂತ ಚಿಕಿತ್ಸೆಗೆಂದೇ ರೂಪಿಸಿದ ವ್ಯವಸ್ಥೆಗಳು ಸಿಗುತ್ತವೆ. ಅಂಥದೊಂದನ್ನು ಹಾಕಿಸಿಕೊಂಡೆವು. ಹಲ್ಲಿನ ಚಿತ್ರಪಟ, ಎಕ್ಸ್‌ರೇ, ಅಪಾಯಿಂಟ್‌ಮೆಂಟ್, ಎನ್‌ಎಚ್‌ಎಸ್ ಕ್ಲೇಮ್ ಎಲ್ಲವೂ ಅದರಲ್ಲಿ ಒಂದೇ ಕಡೆ.

ಮೊದಲ ಲಾಭ ಸಿಕ್ಕಿದ್ದು ಖಾಲಿ ಕುರ್ಚಿಯಲ್ಲಿ. ಅಪಾಯಿಂಟ್‌ಮೆಂಟ್‌ಗೆ ಮುಂಚೆ ಮೊಬೈಲಿಗೆ ನೆನಪಿನ ಸಂದೇಶ ಹೋಗುತ್ತದೆ. ಯಾರಾದರೂ ಬರುವುದಿಲ್ಲ ಎಂದರೆ, ‘ಕರೆದರೆ ತಕ್ಷಣ ಬರುತ್ತೇವೆ’ ಎಂದವರ ಪಟ್ಟಿ ರಿಸೆಪ್ಷನ್‌ನಲ್ಲಿ ತೆರೆದುಕೊಳ್ಳುತ್ತದೆ.

ಎರಡನೆಯದು ಅರ್ಧಕ್ಕೆ ನಿಂತ ಚಿಕಿತ್ಸೆಗಳು. ರೂಟ್ ಕೆನಾಲ್ ಶುರುಮಾಡಿ ನೋವು ನಿಂತ ಮೇಲೆ ಮತ್ತೆ ಬಾರದವರು ಎಲ್ಲ ಊರಿನಲ್ಲೂ ಇರುತ್ತಾರೆ. ಕಾರ್ಡುಗಳ ಕಪಾಟಿನಲ್ಲಿ ಅವರು ಕಳೆದುಹೋಗುತ್ತಾರೆ, ಪರದೆಯ ಮೇಲೆ ಪಟ್ಟಿಯಾಗಿ ಕಾಣುತ್ತಾರೆ. ಚಿಕಿತ್ಸೆ ಮುಗಿದ ಎರಡು ತಿಂಗಳೊಳಗೆ ಕ್ಲೇಮ್ ಹೋಗಬೇಕು, ತಡವಾದರೆ ಯೂನಿಟ್ ಸಿಗುವುದಿಲ್ಲ. ಕಳುಹಿಸದ ಕ್ಲೇಮ್‌ಗಳನ್ನು ಈಗ ವಾರಕ್ಕೊಮ್ಮೆ ನೋಡುತ್ತೇವೆ. ಮಾರ್ಚ್‌ನ ಲೆಕ್ಕ ಅಕ್ಟೋಬರ್‌ನಲ್ಲೇ ಗೊತ್ತಾದರೆ ಸರಿಪಡಿಸಿಕೊಳ್ಳಲು ಸಮಯ ಉಳಿಯುತ್ತದೆ.

ಮೂರನೆಯದು ಮರುತಪಾಸಣೆ. ಎಲ್ಲರನ್ನೂ ಆರು ತಿಂಗಳಿಗೊಮ್ಮೆ ಕರೆಯಬೇಕಿಲ್ಲ. ಬಾಯಿಯ ಸ್ಥಿತಿ ನೋಡಿ ದೊಡ್ಡವರನ್ನು 3ರಿಂದ 24 ತಿಂಗಳೊಳಗೆ, 18ರ ಒಳಗಿನವರನ್ನು ಹೆಚ್ಚೆಂದರೆ 12 ತಿಂಗಳಿಗೆ ಕರೆಯಬೇಕು ಎನ್ನುತ್ತದೆ ಇಲ್ಲಿನ ನೈಸ್ ಸಂಸ್ಥೆಯ ಮಾರ್ಗಸೂಚಿ. ಹಲ್ಲು, ಒಸಡು ಚೆನ್ನಾಗಿರುವವರಿಗೆ ದೀರ್ಘ ಅವಧಿ ಕೊಟ್ಟಾಗ, ಉಳಿದ ಸಮಯದಲ್ಲಿ ಹೊಸಬರಿಗೆ ಬಾಗಿಲು ತೆರೆಯಿತು. ಒಸಡಿನ ತೊಂದರೆಯವರ ಪಟ್ಟಿ ತೆಗೆದು ನೋಡಿದಾಗ ಒಬ್ಬ ಹೈಜೀನಿಸ್ಟ್‌ಗೆ ವಾರಕ್ಕೊಂದು ದಿನದ ಕೆಲಸ ಖಂಡಿತ ಇದೆ ಎಂದು ತಿಳಿಯಿತು. ಮೊದಲು ಒಂದು ದಿನಕ್ಕೆ ಕರೆದೆವು, ಈಗ ಅವರು ಮೂರು ದಿನ ಬರುತ್ತಾರೆ.

ಔಷಧಿಯ ಚೀಟಿ ಜೊತೆಗಿರಲಿ

ಈ ವ್ಯವಸ್ಥೆಯಿಂದ ರೋಗಿಗೂ ರಕ್ಷಣೆ ಇದೆ. ರಕ್ತ ತೆಳುವಾಗಿಸುವ ಮಾತ್ರೆ, ಪೆನ್ಸಿಲಿನ್ ಅಲರ್ಜಿ, ಮೂಳೆ ಸವೆತದ ಔಷಧಿ ಇವನ್ನು ಒಮ್ಮೆ ದಾಖಲಿಸಿದರೆ, ಹಲ್ಲು ಕೀಳುವ ಮುನ್ನ ಎಚ್ಚರಿಕೆ ಕಣ್ಣಿಗೆ ಬೀಳುತ್ತದೆ. ಆದರೆ ಹೇಳದೆ ಉಳಿದದ್ದು ಯಾವ ಕಂಪ್ಯೂಟರಿಗೂ ಗೊತ್ತಾಗುವುದಿಲ್ಲ. ಮಕ್ಕಳ ಮನೆಗೆ ಬರುವ ಅಪ್ಪ ಅಮ್ಮಂದಿರು ಮಾತ್ರೆಗಳ ಹೆಸರು ಬರೆದ ಚೀಟಿ, ಹಳೆಯ ಹಲ್ಲಿನ ಎಕ್ಸ್‌ರೇ ತಂದರೆ ಉಪಕಾರ. ಇಲ್ಲಿ ಕೆಲಸಕ್ಕೆ ಬಂದ ಕುಟುಂಬಗಳು ಮೊಬೈಲ್ ನಂಬರ್ ಬದಲಾದಾಗ ಕ್ಲಿನಿಕ್‌ಗೆ ತಿಳಿಸಬೇಕು, ಇಲ್ಲವಾದರೆ ಸಂದೇಶ ಯಾರಿಗೋ ಹೋಗುತ್ತದೆ. 18ರ ಒಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ, ಹೆರಿಗೆಯಾದ 12 ತಿಂಗಳವರೆಗೆ ತಾಯಿಗೆ ಎನ್‌ಎಚ್‌ಎಸ್ ದಂತ ಚಿಕಿತ್ಸೆ ಉಚಿತ ಎಂಬುದೂ ನೆನಪಿರಲಿ.

ಎಲ್ಲವನ್ನೂ ಸಾಫ್ಟ್‌ವೇರ್ ಮಾಡಿಕೊಡುತ್ತದೆ ಎಂದು ನಾವು ಹೇಳುವುದಿಲ್ಲ. ವಯಸ್ಸಾದ ರೋಗಿಗಳಲ್ಲಿ ಹಲವರು ಸಂದೇಶ ಓದುವುದಿಲ್ಲ. ಅವರಿಗೆ ನಮ್ಮ ರಿಸೆಪ್ಷನ್‌ನವರೇ ಫೋನ್ ಮಾಡುತ್ತಾರೆ. ಹಳೆಯ ದಾಖಲೆಗಳನ್ನು ಸರಿಯಾಗಿ ಸೇರಿಸಲು ನಮಗೆ ತಿಂಗಳುಗಳೇ ಬೇಕಾದವು. ಕೊಳ್ಳುವ ಮುನ್ನ ಮೂರು ವಿಷಯ ಕೇಳಿ: ಒಪ್ಪಂದ ಎಷ್ಟು ವರ್ಷದ್ದು? ಬಿಟ್ಟು ಹೋಗುವಾಗ ನಮ್ಮ ರೋಗಿಗಳ ದಾಖಲೆ ಪೂರ್ತಿ ಕೈಗೆ ಸಿಗುತ್ತದೆಯೇ? ಇಂಟರ್‌ನೆಟ್ ಕೈಕೊಟ್ಟ ದಿನ ಏನು ಗತಿ?

ಮಗ ಅಥವಾ ಮಗಳು ಇಲ್ಲಿ ಕ್ಲಿನಿಕ್ ಕೊಳ್ಳಲು ಹೊರಟಿದ್ದರೆ, ಊರಿನ ಹಿರಿಯರು ಕುರ್ಚಿಯ ಸಂಖ್ಯೆಗಿಂತ ಮೊದಲು ಕೇಳಬೇಕಾದದ್ದು ಬೇರೆ. ಕಳೆದ ಮೂರು ವರ್ಷ ಒಪ್ಪಂದದ ಯೂನಿಟ್ ಎಷ್ಟು ಮುಗಿದಿದೆ, ಮರುತಪಾಸಣೆಗೆ ಬರಬೇಕಾದವರಲ್ಲಿ ಎಷ್ಟು ಜನ ನಿಜವಾಗಿ ಬರುತ್ತಿದ್ದಾರೆ ಎಂದು ವಿಚಾರಿಸಲು ಹೇಳಿ. ಸಾಲದ ಪತ್ರಕ್ಕೆ ಸಹಿ ಹಾಕುವುದು ಆಮೇಲೆ.