ಅಂಟುವ ಕಾಯಿಲೆ, ಅಂಟದ ಕಲೆ

ಕಳೆದ ಮಳೆಗಾಲದ ಒಂದು ಶುಕ್ರವಾರ. ಇಖಾಮತ್ ಆಗಿ, ಸಫ್ ಸರಿಪಡಿಸಿಕೊಳ್ಳಿ ಎಂದು ಹೇಳಲು ನಾವು ಜಮಾಅತಿನ ಕಡೆಗೆ ತಿರುಗಿದಾಗ ಎರಡನೆಯ ಸಾಲಿನ ನಡುವೆ ತೆರವು ಕಂಡಿತು. ಕೈ ಮತ್ತು ತುಟಿಯ ಮೇಲೆ ತೊನ್ನು ಇರುವ ಸಹೋದರರೊಬ್ಬರು ಅಲ್ಲಿ ನಿಂತಿದ್ದರು. ಅವರ ಪಕ್ಕದಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲಬೇಕಾದವರು ಒಂದು ಹೆಜ್ಜೆ ಸರಿದುಕೊಂಡಿದ್ದರು. ಸರಿದು ನಿಂತವರ ಕುತ್ತಿಗೆಯ ಮೇಲೆ ಉಂಗುರದಂತೆ ಹುಳುಕಡ್ಡಿ ಎದ್ದು ಕಾಣುತ್ತಿತ್ತು.

ತೊನ್ನು ಯಾರಿಗೂ ಅಂಟುವುದಿಲ್ಲ. ಹುಳುಕಡ್ಡಿ ಅಂಟುತ್ತದೆ. ಅಂಟದ ಕಲೆಗೆ ಹೆದರಿ ದೂರ ನಿಲ್ಲುವ ನಾವು, ಅಂಟುವ ಕಾಯಿಲೆಯನ್ನು ಅಂಗಿಯೊಳಗೆ ಅಡಗಿಸಿಕೊಂಡು ಮನೆಯವರೆಲ್ಲರ ಜೊತೆ ಒಂದೇ ಟವೆಲ್ ಬಳಸುತ್ತೇವೆ. ಮುಂದಿನ ಎರಡು ಜುಮಾಗಳಲ್ಲಿ ಈ ವಿಷಯವನ್ನೇ ಮಾತನಾಡಿದೆವು. ಮಿಂಬರಿನ ಮೇಲೆ ಸಮಯ ಸಾಲದೆ ಬಿಟ್ಟದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ. ನಾವು ವೈದ್ಯರಲ್ಲ. ನಮ್ಮ ಮಸೀದಿಗೆ ಬರುವ ಚರ್ಮರೋಗ ವೈದ್ಯರೊಬ್ಬರನ್ನು ಕೇಳಿ ತಿಳಿದುಕೊಂಡ ಮಾತುಗಳಿವು.

ಹೆಸರಿನಲ್ಲಿ ಹುಳು ಇದ್ದರೂ ಹುಳುಕಡ್ಡಿಗೆ ಹುಳ ಕಾರಣವಲ್ಲ. ಅದು ಶಿಲೀಂಧ್ರ. ಮಳೆಗಾಲದಲ್ಲಿ ಮೂಲೆಯಲ್ಲಿಟ್ಟ ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದಲ್ಲ, ಅದರ ಸಂಬಂಧಿಯೇ. ಬೆವರು ನಿಲ್ಲುವ ತೊಡೆಸಂದು, ಸೊಂಟ, ಕಂಕುಳು ಅದಕ್ಕೆ ಇಷ್ಟವಾದ ಜಾಗಗಳು. ಕರಾವಳಿಯ ಸೆಕೆಗೆ ಬಿಗಿಯಾದ ಜೀನ್ಸ್, ಅರ್ಧ ಒಣಗಿದ ಒಳಉಡುಪು ಸೇರಿದರೆ ಮತ್ತೇನು ಬೇಕು? ಅಂಚು ಕೆಂಪಗೆ ಉಬ್ಬಿ ಹರಡುತ್ತಾ ಹೋಗುತ್ತದೆ, ನಡುವಿನ ಭಾಗ ಗುಣವಾದಂತೆ ಕಾಣುತ್ತದೆ. ಅದರಿಂದಲೇ ಆ ಉಂಗುರದ ಆಕಾರ.

ಇದನ್ನು ಮೊದಲ ವಾರದಲ್ಲೇ ವೈದ್ಯರಿಗೆ ತೋರಿಸಿದವರನ್ನು ನಾವು ಬಹಳ ಕಡಿಮೆ ನೋಡಿದ್ದೇವೆ. ಜಾಗ ಹೇಳಿಕೊಳ್ಳಲು ನಾಚಿಕೆ. ಹಾಗಾಗಿ ಮೆಡಿಕಲ್ ಶಾಪಿಗೆ ಹೋಗಿ ಮೆಲ್ಲನೆ 'ತುರಿಕೆಗೆ ಒಂದು ಟ್ಯೂಬ್' ಎನ್ನುತ್ತೇವೆ. ಹೆಚ್ಚಿನ ಸಲ ಸಿಗುವುದು ಎರಡು ಮೂರು ಮದ್ದು ಬೆರೆಸಿದ ಮುಲಾಮು. ಅದರಲ್ಲಿ ಶಿಲೀಂಧ್ರದ ಮದ್ದಿನ ಜೊತೆ ಕ್ಲೋಬೆಟಸಾಲ್ ಅಥವಾ ಬೀಟಾಮೆಥಸೋನ್ ಎಂಬ ಸ್ಟೀರಾಯ್ಡ್ ಇರುತ್ತದೆ. ತುರಿಕೆ, ಕೆಂಪು, ಉರಿ ಇವೆಲ್ಲ ನಮ್ಮ ದೇಹ ಶಿಲೀಂಧ್ರದೊಂದಿಗೆ ಹೋರಾಡುವ ಗುರುತುಗಳು. ಸ್ಟೀರಾಯ್ಡ್ ಆ ಹೋರಾಟವನ್ನೇ ಅಡಗಿಸಿಬಿಡುತ್ತದೆ. ಎರಡೇ ದಿನದಲ್ಲಿ ಆರಾಮ, ಒಳ್ಳೆಯ ಮದ್ದು ಎಂದು ಅಣ್ಣನಿಗೂ ಕೊಡುತ್ತೇವೆ. ಒಳಗೆ ಶಿಲೀಂಧ್ರ ಅಡ್ಡಿಯಿಲ್ಲದೆ ಬೆಳೆಯುತ್ತಿರುತ್ತದೆ. ಮುಲಾಮು ನಿಲ್ಲಿಸಿದ ಕೂಡಲೇ ಮೊದಲಿಗಿಂತ ದೊಡ್ಡದಾಗಿ ಏಳುತ್ತದೆ. ಮತ್ತೆ ಅದೇ ಟ್ಯೂಬ್. ಹೀಗೆ ತಿಂಗಳುಗಟ್ಟಲೆ ನಡೆದರೆ ಉಂಗುರದ ಆಕಾರವೇ ಕೆಟ್ಟು, ನೋಡಿದ ವೈದ್ಯರಿಗೂ ಗುರುತು ಹಿಡಿಯುವುದು ಕಷ್ಟವಾಗುತ್ತದೆ. ತೊಡೆಸಂದಿನ ಚರ್ಮ ತೆಳುವಾಗಿ ಗೀರು ಗೀರಾಗಿ ಸೀಳಿದಂತಾಗುತ್ತದೆ. ಆ ಗೀರುಗಳು ಪೂರ್ತಿ ಮಾಸುವುದಿಲ್ಲ.

2018ರಲ್ಲಿ ಕೇಂದ್ರ ಸರಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಮದ್ದುಗಳ ಪಟ್ಟಿಗೆ ಸೇರಿಸಿತು. ಆದರೂ ಸಿಗುತ್ತದೆ, ನಮಗೆಲ್ಲ ಗೊತ್ತಿರುವ ಮಾತೇ. ಇತ್ತೀಚಿನ ವರ್ಷಗಳಲ್ಲಿ ನಮ್ಮ ದೇಶದಲ್ಲಿ ಹರಡಿರುವ ಶಿಲೀಂಧ್ರವೊಂದು, ಮೊದಲು ಸುಲಭವಾಗಿ ಕೆಲಸ ಮಾಡುತ್ತಿದ್ದ ಟೆರ್ಬಿನಾಫಿನ್ ಮದ್ದಿಗೂ ಹಲವರಲ್ಲಿ ಬಗ್ಗುತ್ತಿಲ್ಲ. ಆದ್ದರಿಂದ ಚಿಕಿತ್ಸೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕಾಗಬಹುದು. ಕಲೆ ಮಾಯವಾದ ದಿನ ಮದ್ದು ನಿಲ್ಲಿಸಬೇಡಿ, ವೈದ್ಯರು ಹೇಳಿದಷ್ಟು ದಿನ ಮುಂದುವರಿಸಿ.

ಕಾಲ್ಬೆರಳ ಸಂದಿನಲ್ಲಿ ಬೆಳ್ಳಗೆ ಕೊಳೆತಂತಾಗುವುದೂ ಶಿಲೀಂಧ್ರದಿಂದಲೇ. ವುಝೂವಿನಲ್ಲಿ ಬೆರಳ ಸಂದುಗಳಿಗೆ ನೀರು ತಲುಪಿಸುತ್ತೇವೆ, ಒರೆಸದೆ ಹಾಗೆಯೇ ಸಾಕ್ಸ್ ಏರಿಸುತ್ತೇವೆ. ಒರೆಸಿದರೆ ವುಝೂವಿಗೆ ಏನೂ ಆಗುವುದಿಲ್ಲ. ಆದರೆ ಒರೆಸುವ ಬಟ್ಟೆ ನಿಮ್ಮದೇ ಆಗಿರಲಿ. ಮಸೀದಿಯ ಹೌಝ್ ಪಕ್ಕ ನೇತು ಹಾಕಿದ್ದ ಸಾರ್ವಜನಿಕ ಟವೆಲನ್ನು ನಾವು ತೆಗೆಸಿದೆವು. ಬಾಗಿಲ ಬಳಿಯ ಬುಟ್ಟಿಯಲ್ಲಿದ್ದ ಟೊಪ್ಪಿಗಳನ್ನೂ ತೆಗೆಸಿದಾಗ ಹಿರಿಯರೊಬ್ಬರು ಬೇಸರಪಟ್ಟರು, ಅವುಗಳನ್ನು ಹರಕೆಯಾಗಿ ತಂದಿಟ್ಟವರು ಅವರೇ. ತಲೆಯಿಂದ ತಲೆಗೆ ಹೋಗುವ ಟೊಪ್ಪಿ ಹೇನನ್ನೂ ಶಿಲೀಂಧ್ರವನ್ನೂ ಹೊತ್ತುಕೊಂಡು ಹೋಗಬಹುದು ಎಂದು ವಿವರಿಸಿದ ಮೇಲೆ ಒಪ್ಪಿಕೊಂಡರು.

ಇನ್ನು ಕಜ್ಜಿ. ಇದರ ನೆನಪು ನಮಗೆ ಕಹಿಯಾದದ್ದು. ನಾವು ಕಲಿಯುತ್ತಿದ್ದ ಮದ್ರಸದ ಹಾಸ್ಟೆಲಿನಲ್ಲಿ ಚಾಪೆಗೆ ಚಾಪೆ ತಾಗಿಸಿ ಮಲಗುತ್ತಿದ್ದೆವು. ಒಂದು ವರ್ಷ ರಾತ್ರಿಯಿಡೀ ಕೆರೆತ. ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಒಬ್ಬ ಹುಡುಗನ ಕೈ ಕೀವಾಗಿ ಉಸ್ತಾದರ ಕಣ್ಣಿಗೆ ಬಿತ್ತು. ಅವನೊಬ್ಬನನ್ನೇ ಊರಿಗೆ ಕಳಿಸಿದರು. ಉಳಿದವರು ಬಾಯಿ ಮುಚ್ಚಿಕೊಂಡೆವು. ಅವನು ಗುಣವಾಗಿ ಬಂದ, ತಿಂಗಳೊಳಗೆ ನಮ್ಮಿಂದಲೇ ಅವನಿಗೆ ಮತ್ತೆ ಅಂಟಿತು. ಆ ವರ್ಷ ಅವನು ಓದು ಬಿಟ್ಟ.

ಕಜ್ಜಿಗೆ ಕಾರಣ ಕಣ್ಣಿಗೆ ಕಾಣದಷ್ಟು ಸಣ್ಣ ಒಂದು ಜೀವಿ. ಚರ್ಮದ ಮೇಲ್ಪದರದಲ್ಲಿ ಬಿಲ ಕೊರೆದು ಮೊಟ್ಟೆ ಇಡುತ್ತದೆ. ಮೊದಲ ಸಲ ಅಂಟಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು, ಅಷ್ಟರೊಳಗೆ ಅವರು ಪಕ್ಕದಲ್ಲಿ ಮಲಗಿದವರಿಗೆ ದಾಟಿಸಿರುತ್ತಾರೆ. ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ ರಾತ್ರಿ ಹೊತ್ತು ತುರಿಕೆ ಜಾಸ್ತಿ. ಜಗತ್ತಿನಲ್ಲಿ ಯಾವುದೇ ಹೊತ್ತಿನಲ್ಲಿ 20 ಕೋಟಿಗೂ ಹೆಚ್ಚು ಜನರಿಗೆ ಇದು ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾಗಿ ಇದು ಕೊಳಕರ ರೋಗ ಎಂಬ ಮಾತು ಬೇಡ. ದಿನಕ್ಕೆ ಐದು ಸಲ ವುಝೂ ಮಾಡುವವರಿಗೂ ಬರುತ್ತದೆ.

ಮದ್ದು ಕಷ್ಟದ್ದಲ್ಲ, ಹಚ್ಚುವ ಕ್ರಮ ಮುಖ್ಯ. ವೈದ್ಯರು ಸಾಮಾನ್ಯವಾಗಿ ಕೊಡುವುದು ಶೇಕಡಾ 5ರ ಪರ್ಮೆಥ್ರಿನ್ ಮುಲಾಮು. ಇಶಾ ನಂತರ ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನ ಅಡಿ, ಬೆರಳ ಸಂದು, ಒಂದು ಜಾಗವನ್ನೂ ಬಿಡದೆ ಹಚ್ಚಿ, ಎಂಟರಿಂದ ಹದಿನಾಲ್ಕು ಗಂಟೆ ಬಿಟ್ಟು ಸ್ನಾನ ಮಾಡಬೇಕು. ಫಜ್ರ್ ವುಝೂವಿನಲ್ಲಿ ಕೈಕಾಲಿನ ಮುಲಾಮು ತೊಳೆದುಹೋಗುತ್ತದೆ, ನಮಾಝ್ ಮುಗಿಸಿ ಅಲ್ಲಿಗೆ ಮತ್ತೆ ಹಚ್ಚಿಕೊಳ್ಳಿ. ಒಂದು ವಾರದ ಬಳಿಕ ಇನ್ನೊಮ್ಮೆ. ತುರಿಕೆ ಇರಲಿ ಇಲ್ಲದಿರಲಿ, ಅಜ್ಜಿಯಿಂದ ಮೊಮ್ಮಗನವರೆಗೆ ಮನೆಯ ಎಲ್ಲರೂ ಒಂದೇ ರಾತ್ರಿ ಹಚ್ಚಬೇಕು. ಎಳೆಗೂಸು, ಗರ್ಭಿಣಿ ಇದ್ದರೆ ಮೊದಲು ವೈದ್ಯರನ್ನು ಕೇಳಿ. ಹೊದಿಕೆ, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕನಿಷ್ಠ ಮೂರು ದಿನ ಇಡಿ, ದೇಹ ಬಿಟ್ಟು ಅದು ಹೆಚ್ಚು ದಿನ ಬದುಕುವುದಿಲ್ಲ. ಜೀವಿ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಉಳಿಯಬಹುದು. ಮದ್ದು ಹಿಡಿಯಲಿಲ್ಲ ಎಂದು ದಿನಾ ಹಚ್ಚಬೇಡಿ.

ಹೇಳಿಕೊಳ್ಳಲು ನಾಚುವವರಿಗೆ ಒಂದು ಹದೀಸ್ ನೆನಪಿಸುತ್ತೇವೆ. ಝುಬೈರ್(ರ) ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಇಬ್ಬರಿಗೂ ಮೈ ತುರಿಕೆ ಇತ್ತು. ಪುರುಷರಿಗೆ ನಿಷಿದ್ಧವಾದ ರೇಷ್ಮೆಯನ್ನು ಉಡಲು ಪ್ರವಾದಿ(ಸ)ಯವರು ಆ ಕಾರಣಕ್ಕಾಗಿ ಅವರಿಗೆ ಅನುಮತಿ ಕೊಟ್ಟರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಸ್ವರ್ಗದ ಸುವಾರ್ತೆ ಪಡೆದ ಹತ್ತು ಮಂದಿಯಲ್ಲಿ ಇಬ್ಬರು ಅವರು. ಅವರ ತುರಿಕೆಯ ಸುದ್ದಿ ಮುಚ್ಚಿಡುವಂಥದ್ದಾಗಿರಲಿಲ್ಲ.

ನೀರು ಮಂತ್ರಿಸಿಕೊಡಿ ಎಂದು ನಮ್ಮ ಬಳಿ ಬರುವವರಲ್ಲಿ ಸರ್ಪಸುತ್ತಿನವರೂ ಇರುತ್ತಾರೆ. ನಾವು ದುಆ ಮಾಡುತ್ತೇವೆ, ಅದೇ ಉಸಿರಿನಲ್ಲಿ ಇವತ್ತೇ ಆಸ್ಪತ್ರೆಗೆ ಹೋಗಿ ಎನ್ನುತ್ತೇವೆ. ಸರ್ಪಕ್ಕೂ ಇದಕ್ಕೂ ಸಂಬಂಧವಿಲ್ಲ. ಬಾಲ್ಯದಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ ನರದಲ್ಲಿ ಅಡಗಿದ್ದು ವರ್ಷಗಳ ನಂತರ ಏಳುವುದು. ಗುಳ್ಳೆ ಎದ್ದ 72 ಗಂಟೆಗಳೊಳಗೆ ವೈರಸ್ ಮದ್ದು ಶುರು ಮಾಡಿದರೆ ಹೆಚ್ಚು ಫಲ. ತಡವಾದರೆ, ಅದರಲ್ಲೂ ವಯಸ್ಸಾದವರಲ್ಲಿ, ಗುಳ್ಳೆ ಒಣಗಿದರೂ ನರದ ಉರಿ ತಿಂಗಳುಗಟ್ಟಲೆ ಕಾಡಬಹುದು. ಕಣ್ಣಿನ ಸುತ್ತ ಎದ್ದರೆ ಒಂದು ಗಂಟೆಯೂ ಕಾಯಬೇಡಿ.

ಇಸುಬು ಅಂಟುವುದಿಲ್ಲ. ಅದಕ್ಕೆ ವೈದ್ಯರು ಸ್ಟೀರಾಯ್ಡ್ ಮುಲಾಮನ್ನೇ ಕೊಡಬಹುದು. ಅಳತೆ ಮತ್ತು ಅವಧಿ ಅವರು ಹೇಳಿದಂತಿದ್ದರೆ ಅದು ಸರಿಯಾದ ಮದ್ದೇ. ಚರ್ಮ ಒಣಗದಂತೆ ಕಾಪಾಡುವುದು ಇದರಲ್ಲಿ ಅರ್ಧ ಚಿಕಿತ್ಸೆ, ಆದ್ದರಿಂದ ಪ್ರತಿ ವುಝೂವಿನ ನಂತರ ವ್ಯಾಸಲೀನ್ ಹಚ್ಚಿಕೊಳ್ಳಿ.

ಮೈಮೇಲೆ ಮಸುಕಾದ ಅಥವಾ ಕೆಂಪಗಿನ ಮಚ್ಚೆ ಇದ್ದು, ಅಲ್ಲಿ ಮುಟ್ಟಿದ್ದು, ಬಿಸಿ ತಾಗಿದ್ದು ತಿಳಿಯದಿದ್ದರೆ ಅದು ಕುಷ್ಠದ ಗುರುತಿರಬಹುದು. ಸರಕಾರಿ ಆಸ್ಪತ್ರೆಯಲ್ಲಿ ಮದ್ದು ಉಚಿತ, ಆರರಿಂದ ಹನ್ನೆರಡು ತಿಂಗಳಲ್ಲಿ ಗುಣ. ಮದ್ದು ಶುರುವಾದ ಮೇಲೆ ಬೇಗನೆ ಅದು ಇತರರಿಗೆ ಹರಡುವುದೂ ನಿಲ್ಲುತ್ತದೆ. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯಲ್ಲಿ ಗಂಡನ ಕುಷ್ಠರೋಗ ವಿಚ್ಛೇದನೆಗೆ ಒಂದು ಕಾರಣವೆಂದು ಬರೆದಿತ್ತು. 2019ರಲ್ಲಿ ಸಂಸತ್ತು ಅದನ್ನು ನಮ್ಮ ಕಾಯ್ದೆಯಿಂದಲೂ ಇತರ ಧರ್ಮದವರ ವಿವಾಹ ಕಾನೂನುಗಳಿಂದಲೂ ತೆಗೆದುಹಾಕಿತು.

ತೊನ್ನು ಕುಷ್ಠವಲ್ಲ. ಚರ್ಮಕ್ಕೆ ಬಣ್ಣ ಕೊಡುವ ಕಣಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಾಗಿ ನಾಶ ಮಾಡುವುದರಿಂದ ಅಲ್ಲಿ ಬಿಳುಪಾಗುತ್ತದೆ. ಮೀನು ತಿಂದು ಹಾಲು ಕುಡಿದರೆ ಬರುತ್ತದೆ ಎಂಬುದು ಸುಳ್ಳು. ಹಾಗಿದ್ದಿದ್ದರೆ ನಮ್ಮ ಕರಾವಳಿಯಲ್ಲಿ ಬಣ್ಣ ಉಳಿದವರು ಯಾರಿರುತ್ತಿದ್ದರು? ಮುಲಾಮು, ವೈದ್ಯರ ನಿಗಾದಲ್ಲಿ ಬೆಳಕಿನ ಚಿಕಿತ್ಸೆ, ಕಲೆ ಹರಡುವುದು ನಿಂತವರಿಗೆ ಚರ್ಮ ಕಸಿ ಇವೆ. ಬೇಗ ಶುರು ಮಾಡಿದವರಿಗೆ, ಅದರಲ್ಲೂ ಮುಖದ ಕಲೆಗಳಿಗೆ ಬಣ್ಣ ಮರಳುವ ಸಾಧ್ಯತೆ ಹೆಚ್ಚು.

ಸಫ್‌ನಲ್ಲಿ ಒಂಟಿಯಾಗಿ ನಿಂತಿದ್ದ ಆ ಸಹೋದರರ ಮಗಳಿಗೆ ಈಗ ಮದುವೆ ಮಾತುಕತೆ ನಡೆದಿದೆ. ಹುಡುಗಿಗೆ ಕಲೆ ಇಲ್ಲ, ತಂದೆಗಿರುವುದನ್ನು ಕಂಡು ಹುಡುಗನ ತಾಯಿ ಹಿಂಜರಿದರು. ನಮ್ಮನ್ನು ಕರೆಸಿ, 'ಉಸ್ತಾದರೇ, ನಾಳೆ ಮೊಮ್ಮಕ್ಕಳಿಗೂ ಬಂದರೆ?' ಎಂದು ಕೇಳಿದರು. ಸುಳ್ಳು ಸಮಾಧಾನ ಹೇಳಲಿಲ್ಲ. ಮನೆತನದಲ್ಲಿ ಇದ್ದರೆ ಸಾಧ್ಯತೆ ಸ್ವಲ್ಪ ಹೆಚ್ಚು, ಆದರೆ ತೊನ್ನು ಇರುವವರ ಮಕ್ಕಳಲ್ಲೂ ಹೆಚ್ಚಿನವರಿಗೆ ಅದು ಬರುವುದೇ ಇಲ್ಲ ಎಂದೆವು. ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆ ಇದೆಯೇ ಎಂದೂ ಕೇಳಿದೆವು. ಇದೆ, ಇಬ್ಬರಿಗೆ ಎಂದರು. ಅದನ್ನು ಹುಡುಗಿಯ ಕಡೆಯವರು ಕೇಳಿದ್ದಾರೆಯೇ ಎಂದಾಗ ಸುಮ್ಮನಾದರು. ಯೋಚಿಸಲು ಒಂದು ವಾರ ಸಮಯ ಕೇಳಿದ್ದಾರೆ.