ಗುಜರಿಗೆ ಹೋಗದ ಗಾಡಿ

ಆಳಂದದ ನಮ್ಮ ಮನೆಯಂಗಳದಲ್ಲಿ ಎರಡು ವರ್ಷ ನಿಂತೇ ಇದ್ದ ಟಾಟಾ 407 ಕಳೆದ ತೊಗರಿ ರಾಶಿಯ ಹೊತ್ತಿಗೆ ಮತ್ತೆ ರಸ್ತೆಗಿಳಿಯಿತು. ತಂದೆಯವರು 1998ರಲ್ಲಿ ಕೊಂಡ ವಾಹನವದು. ಎಂಜಿನ್ ಬಿಚ್ಚಿ ಬೋರ್ ಮಾಡಿಸಿ, ಕ್ಲಚ್ ಪ್ಲೇಟ್ ಬದಲಿಸಿ, ತುಕ್ಕು ತಿಂದ ತಳಕ್ಕೆ ತಗಡು ಹೊದಿಸುವಷ್ಟರಲ್ಲಿ ತಮ್ಮನಿಗೆ ಲಕ್ಷ ರೂಪಾಯಿಗೂ ಮಿಕ್ಕಿ ಖರ್ಚಾಯಿತು. ಗುಜರಿಗೆ ಹಾಕೆಂದವನು ನಾನೇ. ಅರ್ಥಶಾಸ್ತ್ರ ಓದಿದವನ ಚಾಳಿ. ಅವನೆಂದ: ‘ಅಣ್ಣಾ, ನಿನ್ನ ಲೆಕ್ಕಾ ಖರೆ ಅದ. ಮಳಿ ಕೈಕೊಟ್ಟ ವರ್ಷ ಹೊಸಾ ಗಾಡಿ ಕಂತು ಯಾರು ಕಟ್ಟಬೇಕು?’

ನನ್ನಲ್ಲಿ ಉತ್ತರವಿರಲಿಲ್ಲ. ಆಳಂದ, ಅಫಜಲಪುರ, ಜೇವರ್ಗಿಗಳ ಮಳೆಯಾಶ್ರಿತ ಎರೆಭೂಮಿಯಲ್ಲಿ ತೊಗರಿಯ ಹಣ ಕೈಸೇರುವುದು ವರ್ಷಕ್ಕೊಮ್ಮೆ. ಸಾಲದ ಕಂತು ಬರುವುದು ತಿಂಗಳಿಗೊಮ್ಮೆ. ಭೀಮೆಯ ದಂಡೆಯ ಕಬ್ಬಿನವರ ಮಾತು ಬೇರೆ.

15 ವರ್ಷ ದಾಟಿದ ವಾಣಿಜ್ಯ ವಾಹನಗಳ ಯೋಗ್ಯತಾ ಪತ್ರದ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದ ಹಲವು ಪಟ್ಟು ಏರಿಸಿತು. ಹಳೆಯ ವಾಹನಗಳು ಹೊಗೆಯುಗುಳುತ್ತವೆ, ಅಪಘಾತಕ್ಕೂ ಕಾರಣವಾಗುತ್ತವೆ ಎಂಬುದು ಸುಳ್ಳಲ್ಲ. ಬ್ರೇಕು, ಹೊಗೆಗಳ ತಪಾಸಣೆಯಲ್ಲಿ ಯಾವ ರಿಯಾಯಿತಿಯೂ ಬೇಡ. ಆದರೆ ಶುಲ್ಕ ನೋಡುವುದು ವಾಹನದ ವಯಸ್ಸನ್ನು, ಓಡಿದ ದೂರವನ್ನಲ್ಲ. ದಿನವೂ ಹೆದ್ದಾರಿಯಲ್ಲಿ ಓಡುವ ಲಾರಿಗೂ ಸುಗ್ಗಿಯಲ್ಲಷ್ಟೇ ಕಲಬುರಗಿ ಮಾರುಕಟ್ಟೆಗೆ ಹೋಗಿಬರುವ ರೈತನ ಗಾಡಿಗೂ ಒಂದೇ ಅಳತೆಗೋಲು ಏಕೆ? ಸೇವೆಯಲ್ಲಿದ್ದಾಗ ಇಂಥ ಅಧಿಸೂಚನೆಗಳನ್ನು ಮರುಮಾತಿಲ್ಲದೆ ಕೆಳಗೆ ಕಳಿಸಿದವರಲ್ಲಿ ನಾನೂ ಒಬ್ಬ.

ನಮ್ಮ 407 ತಪಾಸಣೆಯಲ್ಲಿ ಪಾಸಾಯಿತು. ಮುಂದಿನ ವರ್ಷದ ಶುಲ್ಕಕ್ಕೆಂದು ತಮ್ಮ ಈಗಲೇ ಎರಡು ಚೀಲ ತೊಗರಿ ತೆಗೆದಿರಿಸಿದ್ದಾನೆ.